ಕಿರುಬೆರಳಿನ ಪಾಠ

ನಮ್ಮ ಮನೆಯಲ್ಲಿ ದಮಾಮಿ ಮುಟ್ಟಬೇಡ ಅಂತ ಬೈಸಿಕೊಂಡವನು ನಾನೊಬ್ಬನೇ. ದಮಾಮಿ ಅಂದರೆ ನಮ್ಮ ಸಿದ್ದಿ ಜನರ ಡೋಲು. ನಡುವೆ ಮರದ ಹೊಟ್ಟೆ, ಎರಡೂ ಬದಿಗೆ ಚರ್ಮ. ಚರ್ಮ ಸಡಿಲ ಬೀಳಬಾರದು ಅಂತ ಅಪ್ಪ ಅದನ್ನು ಒಲೆಯ ಮೇಲಿನ ತೊಲೆಗೆ ನೇತುಹಾಕಿದ್ದ. ಗಂಜಿ ಬೇಯುವ ಹೊಗೆ, ಒಣಮೀನು ಸುಡುವ ಹೊಗೆ ಎಲ್ಲ ಮೊದಲು ಅದಕ್ಕೆ ತಾಗಿ, ಆಮೇಲೆ ನಮ್ಮ ಕಣ್ಣಿಗೆ ಬರುತ್ತಿತ್ತು. ಹಬ್ಬಕ್ಕೆ ಯಲ್ಲಾಪುರದ ಕಾಡಿನ ಕಡೆಯಿಂದ ಅಪ್ಪನ ಅಕ್ಕ, ಅವಳ ಮಕ್ಕಳು ಬಂದರೆ ಊಟ ಮುಗಿದದ್ದೇ ದಮಾಮಿ ಕೆಳಗಿಳಿಯುತ್ತಿತ್ತು. ಒಬ್ಬರಾದ ಮೇಲೆ ಒಬ್ಬರು ಬಾರಿಸುವುದು, ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿ ಕುಣಿಯುವುದು. ಒಂದು ಸಲ ನನ್ನ ಸರದಿ ಬಂತು. ನಾನು ಬಾರಿಸಲು ಶುರು ಮಾಡಿದ್ದೇ ತಡ, ಕುಣಿಯುತ್ತಿದ್ದ ಅತ್ತೆ ನಿಂತೇಬಿಟ್ಟಳು.

“ಯಾರ ಕೈಗೆ ಕೊಟ್ರಿ ಅದನ್ನ? ಇವ ಬಾರಿಸ್ತಾ ಇದ್ನೋ, ಸೌದೆ ಒಡೀತಾ ಇದ್ನೋ?”

ಎಲ್ಲರೂ ನಕ್ಕರು. ಅಪ್ಪ ನಗುತ್ತಲೇ ದಮಾಮಿಯನ್ನು ನನ್ನ ತೊಡೆಯಿಂದ ಎತ್ತಿಕೊಂಡು ಅತ್ತೆಯ ಮಗನಿಗೆ ಕೊಟ್ಟ. ಅವನು ನನಗಿಂತ ಚಿಕ್ಕವನು. ನನಗೆ ತಾಳ ಇರಲಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೈ ಒಂದು ಕಡೆ ಹೋದರೆ ಕಾಲು ಇನ್ನೊಂದು ಕಡೆ. ನಮ್ಮ ಮನೆಯವರಿಗೆಲ್ಲ ಇದು ಗೊತ್ತಿದ್ದ ವಿಷಯ, ಯಾರಿಗೂ ಅದರಿಂದ ಬೇಜಾರಿರಲಿಲ್ಲ. ಒಬ್ಬನಿಗೆ ಕಣ್ಣು ಮಂದ, ಒಬ್ಬನಿಗೆ ತಾಳ ಮಂದ, ಅಷ್ಟೇ. ನನ್ನನ್ನು ಹೈರಾಣ ಮಾಡಿದ್ದು ಹೊರಗಿನ ಜನ. ನನ್ನ ಮುಖ ನೋಡಿದ ಕೂಡಲೇ ನನ್ನೊಳಗೆ ಏನೇನಿದೆ ಅಂತ ಅವರಿಗೆ ಗೊತ್ತಾಗಿಬಿಡುತ್ತಿತ್ತು. ನನಗೇ ಗೊತ್ತಿಲ್ಲದ್ದು!

ಮನೆ ಇದ್ದದ್ದು ಶಿರಸಿ ಪೇಟೆಯ ಅಂಚಿನಲ್ಲಿ, ಒಂದು ಸಾಮಿಲ್ಲಿನ ಹಿಂದುಗಡೆ. ಅಪ್ಪ ಅಲ್ಲಿ ನಾಟ, ಅಂದರೆ ಮರದ ದಿಮ್ಮಿ, ಹೊರುವ, ಲಾರಿಗೆ ಏರಿಸುವ ಕೆಲಸಕ್ಕಿದ್ದ. ಒಂದೇ ಕೋಣೆಯ ಮನೆ. ಆದರೆ ಅವ್ವ ಅದನ್ನು ಒಂದು ಕೋಣೆ ಅಂತ ಎಂದೂ ಒಪ್ಪಿದವಳಲ್ಲ. ನಡುವೆ ಒಂದು ಹಳೆ ಕೌದಿ ಇಳಿಬಿಟ್ಟು ಈಚೆ ಜಗಲಿ, ಆಚೆ ಒಳಮನೆ ಅನ್ನುತ್ತಿದ್ದಳು. ಬಂದವರು ಕೌದಿಯ ಈಚೆಗೇ ಕೂರಬೇಕು. ಸಾಮಿಲ್ಲಿನ ಗರಗಸ ಹಗಲೆಲ್ಲ ಕಿರುಚುತ್ತಿತ್ತು, ಅದು ನಿಂತಾಗ ಮಾತ್ರ ನಮಗೆ ಏನೋ ಕೆಟ್ಟಿತು ಅನ್ನಿಸುತ್ತಿತ್ತು. ಮರದ ಹೊಟ್ಟು ಹಾರಿ ಬಂದು ಅನ್ನದ ಮೇಲೆ ಬೀಳಬಾರದು ಅಂತ ಊಟದ ಹೊತ್ತಿಗೆ ಬಾಗಿಲು ಹಾಕಿಯೇ ಉಣ್ಣುವುದು. ಗಂಜಿ, ಸುಟ್ಟ ಮೀನು, ಕಾಡಿನಿಂದ ಯಾರಾದರೂ ತಂದುಕೊಟ್ಟಿದ್ದರೆ ಕೆಂಪಿರುವೆಯ ಚಟ್ನಿ. ಮನೆಯೊಳಗೆ ನಾವಾಡುವುದು ಕೊಂಕಣಿ ಬೆರೆತ ನಮ್ಮದೇ ಮಾತು. ಇಲ್ಲಿ ಅದನ್ನೆಲ್ಲ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅವ್ವನ ಕೆಲಸ ಕೌದಿ ಹೊಲಿಯುವುದು. ಹಳೆ ಸೀರೆ, ಹರಿದ ಅಂಗಿ, ಲುಂಗಿ ಎಲ್ಲ ತುಂಡು ಮಾಡಿ ಅಂಚಿನಿಂದ ಸುತ್ತ ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬರಬೇಕು. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆಯನ್ನು ಮಡಚಿ ಮಾಡಿದ ಮೂರು ಮೂಲೆಯ ಹೂ. ಅದಕ್ಕೆ ಫುಲ ಅನ್ನುತ್ತಾರೆ. ಫುಲ ಇಲ್ಲದ ಕೌದಿ ಬತ್ತಲೆ ಅಂತ ಅವ್ವ ಯಾರಿಗೂ ಕೊಡುತ್ತಿರಲಿಲ್ಲ. ನನ್ನ ಅಕ್ಕ ಮರಿಯಾ ಅವಳ ಪಕ್ಕ ಕೂತು ಕಲಿಯುತ್ತಿದ್ದಳು. ಕಲಿಸುವುದು ಅಂದರೆ ಅವ್ವನದು ಒಂದೇ ಮಾತು.

“ಬಿಚ್ಚು.”

ಅಕ್ಕ ಬಿಚ್ಚುತ್ತಿದ್ದಳು, ಮತ್ತೆ ಹೊಲಿಯುತ್ತಿದ್ದಳು. ಅವ್ವ ಬೆರಳಿನ ತುದಿಯಿಂದ ಹೊಲಿಗೆಯ ಮೇಲೆ ಹೋಗುತ್ತ ಎಲ್ಲೋ ಒಂದು ಕಡೆ ನಿಂತು, “ಇಲ್ಲಿಂದ ಬಿಚ್ಚು” ಅನ್ನುತ್ತಿದ್ದಳು. ಅಕ್ಕ ಅಳುತ್ತಿದ್ದಳು, ಸೂಜಿ ಬಿಸಾಡುತ್ತಿದ್ದಳು, ಊಟ ಬೇಡ ಅನ್ನುತ್ತಿದ್ದಳು. ಒಂದು ಸಲ ಸಿಟ್ಟಿನಲ್ಲಿ ಕೇಳಿಯೇಬಿಟ್ಟಳು, “ನಿಂಗೆ ನಿನ್ನ ಅವ್ವ ಹಿಂಗೇ ಮಾಡ್ತಿದ್ಲಾ?” “ನನ್ನ ಅವ್ವ ಬಾಯಲ್ಲಿ ಹೇಳ್ತಿರ್ಲಿಲ್ಲ, ಸೂಜೀಲಿ ಚುಚ್ತಿದ್ಲು. ನಾ ಬಾಯಲ್ಲಿ ಹೇಳ್ತೆ. ನಿನ್ನ ಪುಣ್ಯ” ಅಂದಳು ಅವ್ವ. ಹೆಣ್ಣಾಗಿ ಹುಟ್ಟಿದ್ದೀಯ, ಹೊಲಿಗೆ ತಾನಾಗೇ ಬರುತ್ತದೆ ಅಂತ ಆ ಮನೆಯಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಶಾಲೆಯಲ್ಲಿ ಕೇಳಿದೆ. ಹೊಲಿಗೆಯ ವಿಷಯ ಅಲ್ಲ, ಓಟದ ವಿಷಯ. ನಮ್ಮ ಶಾಲೆಗೆ ಹೊಸದಾಗಿ ಬಂದ ಆಟದ ಮಾಸ್ತರರು ನನ್ನನ್ನು ನೋಡಿದ್ದೇ ಸೀಟಿ ಊದಿ ಹತ್ತಿರ ಕರೆದರು. ನನ್ನ ಮೀನಖಂಡ ಹಿಸುಕಿ ನೋಡಿದರು, ಎತ್ತು ಕೊಳ್ಳುವವರ ಹಾಗೆ. ಸಿದ್ದಿ ಹುಡುಗ, ಓಟ ರಕ್ತದಲ್ಲೇ ಇರುತ್ತದೆ ಅಂತ ಹೆಡ್‌ಮಾಸ್ತರರಿಗೆ ಹೇಳಿದರು. ಅವತ್ತಿನಿಂದ ಗಣಿತದ ಪಿರಿಯಡ್ಡಿನಲ್ಲಿ ನನ್ನನ್ನು ಮೈದಾನಕ್ಕೆ ಕಳಿಸುವುದು ಶುರುವಾಯಿತು. ನನಗೆ ಗಣಿತ ಬರುತ್ತಿತ್ತು, ಓಟ ಬರುತ್ತಿರಲಿಲ್ಲ. ನಾನು ಹಿಂದೆ ಬಿದ್ದಷ್ಟೂ ಅವರಿಗೆ ಸಿಟ್ಟು. ಬೇಕಂತಲೇ ಸೋಮಾರಿತನ ಮಾಡುತ್ತೀಯ, ಇದ್ದದ್ದನ್ನು ಹಾಳು ಮಾಡುತ್ತೀಯ ಅಂತ ಕಿವಿ ಹಿಂಡುತ್ತಿದ್ದರು. ಬೇರೆ ಹುಡುಗರು ಸೋತರೆ ಸೋತರು ಅಷ್ಟೇ, ನಾನು ಸೋತರೆ ಕಳ್ಳತನ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ತಲೆ ಇರಲಿಲ್ಲ ಅಂತ ಬಿಟ್ಟದ್ದಲ್ಲ, ಇದನ್ನು ಎಲ್ಲ ಕಡೆ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ. ಗಣಿತದ ಹೊತ್ತಿಗೆ ಓಡುವುದಾದರೆ ಶಾಲೆ ಯಾಕೆ, ಊರೆಲ್ಲ ಮೈದಾನವೇ.

ಪೇಟೆಯಲ್ಲಿ ಒಬ್ಬ ಸಾಹೇಬರ ಟೈರ್ ರಿಸೋಲ್ ಅಂಗಡಿಗೆ ಸೇರಿದೆ. ಲಾರಿಯ ಸವೆದ ಟೈರಿನ ಮೈಯನ್ನು ಮಷಿನ್ನಿಗೆ ಹಿಡಿದು ಉಜ್ಜಿ, ಹೊಸ ರಬ್ಬರ್ ಅಂಟಿಸಿ, ಅಚ್ಚಿನಲ್ಲಿ ಬೇಯಿಸುವ ಕೆಲಸ. ಸಾಹೇಬರು ಒಳ್ಳೆಯವರು. ಮೊದಲ ದಿನವೇ, “ನೋಡ್ಕೋ ಬೇಟಾ, ಹೀಗೆ ಹಿಡಿದ್ರೆ ಬೆರಳು ಹೋಗ್ತದೆ, ಹೀಗೆ ಹಿಡಿದ್ರೆ ಉಳೀತದೆ” ಅಂತ ನನ್ನ ಕೈಯ ಮೇಲೆ ಕೈಯಿಟ್ಟು ತೋರಿಸಿದರು. ತೋರಿಸಿದ್ದನ್ನು ನಾನು ಕಲಿತೆ. ಬೇಗ ಕಲಿತೆ. ನನಗೆ ತೋರಿಸಿದರೆ ಯಾವುದೂ ಕಷ್ಟ ಅಲ್ಲ ಅನ್ನುವ ಧೈರ್ಯ ಅಲ್ಲಿ ಬಂತು.

ಅಂಗಡಿಯ ಮೇಲೆ ಮರದ ಹಲಗೆ ಹಾಸಿದ ಒಂದು ಮಾಳಿಗೆ. ಅಲ್ಲಿ ಬಾಡಿಗೆಗಿದ್ದವರು ಗಿಟಾರ್ ಹೆಗಡೇರು. ಸಿದ್ದಾಪುರ ಕಡೆಯ ಒಳ್ಳೆ ತೋಟಸ್ಥರ ಮನೆಯವರು. ಹುಡುಗನಾಗಿದ್ದಾಗಲೇ ಮುಂಬೈಗೆ ಓಡಿಹೋಗಿ, ಹೋಟೆಲಿನ ಅಡುಗೆಮನೆಯಲ್ಲಿ ಕಾಯಿ ತುರಿದು, ಆಮೇಲೆ ಹೇಗೋ ದೊಡ್ಡ ಹೋಟೆಲುಗಳ ಬ್ಯಾಂಡಿನಲ್ಲಿ ಜಾಝ್, ಬ್ಲೂಸ್ ನುಡಿಸಿದವರು. ವಯಸ್ಸಾದ ಮೇಲೆ ಒಂದು ಗಿಟಾರು, ಒಂದು ಆಂಪ್ಲಿಫೈಯರ್, ಒಂದು ಟ್ರಂಕು ಹಿಡಿದು ಊರಿಗೆ ಬಂದರು. ಮನೆಯಲ್ಲಿ ತಮ್ಮಂದಿರಿಗೆ ಆ ಸದ್ದು ಆಗಿಬರಲಿಲ್ಲ. ಶಿರಸಿಗೆ ಬಂದು ಈ ಮಾಳಿಗೆ ಹಿಡಿದರು. ಪೇಟೆಯ ಕೆಲವು ಹುಡುಗರಿಗೆ ಪಾಠ ಹೇಳುತ್ತಿದ್ದರು. ಉಟ್ಟದ್ದು ಪಂಚೆ, ಹೆಗಲ ಮೇಲೆ ಟವೆಲು, ಬಾಯಲ್ಲಿ ಎಲೆಯಡಿಕೆಯ ಕವಳ, ತೊಡೆಯ ಮೇಲೆ ಆ ಕೆಂಪು ಗಿಟಾರು.

ಮಷಿನ್ ನಡೆಯುವಾಗ ಏನೂ ಕೇಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮೇಲೆ ಅವರ ಆಂಪ್ಲಿಫೈಯರೂ ಸತ್ತಿತು, ಆದರೆ ಅವರು ನಿಲ್ಲಿಸಲಿಲ್ಲ. ಹಲಗೆಯ ಸಂದಿಯಿಂದ ಬರೀ ತಂತಿಯ ಸದ್ದು ಕೆಳಗೆ ಬಂತು. ಮೇಲಿನಿಂದ ಮೂರು ಸ್ವರ ಮೆಟ್ಟಿಲಿಳಿದ ಹಾಗೆ ಇಳಿದು, ನಾಲ್ಕನೆಯದು ಇಳಿಯುವುದಿಲ್ಲ ಅಂತ ಹಟ ಹಿಡಿದು ಮೇಲಕ್ಕೆ ಏಳುತ್ತ, ಇನ್ನೇನು ಮುಟ್ಟಬೇಕು ಅನ್ನುವಾಗ ಕೈಬಿಟ್ಟಿತು. ಅಷ್ಟೇ. ಒಂದು ಉಸಿರಿನಷ್ಟೂ ಉದ್ದ ಇಲ್ಲ. ಅಂಥ ಪುಟ್ಟ ತುಂಡಿಗೆ ಅವರು ಲಿಕ್ ಅನ್ನುತ್ತಿದ್ದರು ಅಂತ ಆಮೇಲೆ ತಿಳಿಯಿತು. ಮಾತಾಡುವವರಿಗೆ ಕೆಲವು ಮಾತು ನಾಲಿಗೆಯ ಮೇಲೇ ಇರುತ್ತವಲ್ಲ, ನುಡಿಸುವವರ ಬೆರಳಿನ ಮೇಲೆ ಹಾಗೆ ಇರುವಂಥದ್ದು. ಆ ನಾಲ್ಕನೆಯ ಸ್ವರ ನನ್ನನ್ನು ಹಿಡಿಯಿತು. ಮುಟ್ಟದೆ ಬಿಟ್ಟುಬಿಡುವುದು ಹೇಗೆ? ಅದೊಂದು ಬಂದರೆ ಸಾಕು, ಬೇರೆ ಏನೂ ಬೇಡ ಅಂದುಕೊಂಡೆ. ಕೈಯಲ್ಲಿ ರಬ್ಬರ್ ಸೊಲ್ಯೂಷನ್ನಿನ ವಾಸನೆ ಇಟ್ಟುಕೊಂಡೇ ಮೆಟ್ಟಿಲು ಹತ್ತಿದೆ.

ಹೆಗಡೇರು ಬಾಗಿಲಲ್ಲಿ ನನ್ನನ್ನು ನೋಡಿದರು. ಅವರ ಮುಖ ಅರಳಿದ್ದು ಈಗಲೂ ನನ್ನ ಕಣ್ಣ ಮುಂದಿದೆ. ಮೈದಾನದಲ್ಲಿ ನೋಡಿದ ಆಟದ ಮಾಸ್ತರರ ಮುಖವೇ, ಪ್ರೀತಿ ಮಾತ್ರ ಜಾಸ್ತಿ.

“ನೀನು ಸಿದ್ದಿ ಹುಡುಗ ಅಲ್ದನಾ? ಹೆಸರೆಂತ?”

“ದಿಯೋಗ. ನಂಗೆ ಅದನ್ನ ಕಲಿಸ್ಕೊಡ್ತೀರಾ ಸರ್? ಈಗ ನುಡಿಸಿದ್ರಲ್ಲ, ಅದು.”

“ಕಲಿಸೂದಾ? ನಿಂಗಾ?” ಅವರು ನಕ್ಕರು. “ಎಂತ ಮಾರಾಯ! ಈ ಬ್ಲೂಸು ಹುಟ್ಟಿದ್ದೇ ಆಫ್ರಿಕದವ್ರ ಬಾಯಲ್ಲಿ. ಹಡಗಲ್ಲಿ ಹಾಕಿ ಅಮೆರಿಕಕ್ಕೆ ಒಯ್ದ್ರಲ್ಲ, ಅವ್ರದ್ದು. ನಿಮ್ಮ ಅಜ್ಜಂದಿರು ಈಚೆ ದಂಡೆಗೆ ಬಂದ್ರು, ಅವ್ರು ಆಚೆ ದಂಡೆಗೆ ಹೋದ್ರು. ಇದು ನಿನ್ನ ರಕ್ತದಲ್ಲೇ ಉಂಟು. ನಾ ಎಂತ ಕಲಿಸೂದು? ನೀನೇ ನಂಗೆ ಕಲಿಸ್ಬೇಕು!”

ಒಡೆದ ಪೆಟ್ಟಿಗೆಯ ಒಂದು ಹಳೆ ಗಿಟಾರನ್ನು ಮೂಲೆಯಿಂದ ತೆಗೆದು ನನ್ನ ತೊಡೆಯ ಮೇಲಿಟ್ಟರು. ತಾವು ಕೆಂಪು ಗಿಟಾರಿನಲ್ಲಿ ತಾಳ ಹಿಡಿದು ನುಡಿಸತೊಡಗಿದರು. “ಬಾರಿಸು” ಅಂದರು. ಎಲ್ಲಿ ಒತ್ತಬೇಕು, ಯಾವ ಬೆರಳು, ಏನೂ ಇಲ್ಲ. ನಾನು ಒಂದು ತಂತಿಯನ್ನು ಮೀಟಿದೆ. ಅದು ಕರ್ಕಶವಾಗಿ ಒದರಿತು. ಹೆಗಡೇರು ಕಣ್ಣು ಮುಚ್ಚಿ ತಲೆ ತೂಗಿದರು. “ಆಹಾ” ಅಂದರು. ನಾನು ತಾಳ ತಪ್ಪಿದರೆ, “ನೋಡು, ಹಿಂದಿಂದ ಬರೂದು ನೋಡು, ನಂಗೆ ಇದು ಬರ್ಲೇ ಇಲ್ಲ” ಅಂದರು. ಶ್ರುತಿ ಬಿಟ್ಟ ತಂತಿಯನ್ನು ಕೈಯಲ್ಲಿ ತೋರಿಸಿದರೆ, “ಬಿಡು, ಅದೇ ಬ್ಲೂಸು” ಅಂದರು. ನಮ್ಮ ಅತ್ತೆ ಅಲ್ಲಿದ್ದಿದ್ದರೆ ನನ್ನ ಕೈಯಿಂದ ಗಿಟಾರು ಕಿತ್ತುಕೊಳ್ಳುತ್ತಿದ್ದಳು. ಫೀಸೂ ಬೇಡ ಅಂದರು. ಕಲಿಸುವುದೇ ಇಲ್ಲ ಅಂದಮೇಲೆ ಫೀಸೆಂಥದು? ಆ ಗಿಟಾರನ್ನು ಮನೆಗೆ ಒಯ್ಯಲು ಕೊಟ್ಟರು. ಮೆಟ್ಟಿಲಿಳಿದು ಬರುವಾಗ ನನಗೆ ಖುಷಿಪಡಬೇಕೋ, ಅಳಬೇಕೋ ತಿಳಿಯಲಿಲ್ಲ.

ಅವರ ಹತ್ತಿರ ಶ್ರೀಪಾದ ಅಂತ ಒಬ್ಬ ಹುಡುಗ ಬರುತ್ತಿದ್ದ. ಸೋಂದಾ ಕಡೆಯ ತೋಟಸ್ಥರ ಮಗ, ನನ್ನದೇ ವಯಸ್ಸು. ಅವನಿಗೆ ಪಾಠ ನಡೆಯುವಾಗ ನಾನೂ ಅಲ್ಲೇ ಇರುತ್ತಿದ್ದೆ. ಹೆಗಡೇರು ಅವನ ಪಕ್ಕಕ್ಕೆ ಸರಿದು ಕೂತು ಅವನ ಒಂದೊಂದು ಬೆರಳನ್ನೂ ಹಿಡಿದು ತಂತಿಯ ಮೇಲಿಡುತ್ತಿದ್ದರು.

“ತಮಾ, ಹಂಗಲ್ದೋ. ತಪ್ಪು. ಈ ಬೆರಳು ಇಲ್ಲಿಡು. ತಡಿ, ಮತ್ತೊಂದ್ಸಲ ತೋರಿಸ್ತೆ.”

ತಪ್ಪು, ತಪ್ಪು, ತಪ್ಪು. ಶ್ರೀಪಾದನ ಮುಖ ಸಣ್ಣಗಾಗುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು. ಅವನ ಪಾಠ ಮುಗಿದದ್ದೇ ಹೆಗಡೇರು ನನ್ನ ಕಡೆ ತಿರುಗಿ, ದಣಿದವರು ನೀರು ಕೇಳುವ ಹಾಗೆ, “ಈಗ ನೀ ಬಾರಿಸು ಮಾರಾಯ, ಕಿವಿ ತಂಪಾಗ್ಲಿ” ಅನ್ನುತ್ತಿದ್ದರು. ನಾನು ಯಾವ ಬೆರಳು ಅಂತ ಕೇಳಿದರೆ ಕೈ ಬೀಸಿ, “ಬೆರಳು ನೋಡ್ಬೇಡ, ಒಳಗೆ ನೋಡು” ಅನ್ನುತ್ತಿದ್ದರು. ಒಳಗೆ ನೋಡಿದೆ. ಒಳಗೆ ಏನೂ ಇರಲಿಲ್ಲ. ಹಸಿವು ಇತ್ತು, ಸಿಟ್ಟು ಇತ್ತು, ಆ ನಾಲ್ಕನೆಯ ಸ್ವರ ಕೇಳಿಸುತ್ತಿತ್ತು, ಆದರೆ ಅದಕ್ಕೆ ಹೋಗುವ ದಾರಿ ಇರಲಿಲ್ಲ.

ಮನೆಗೆ ಗಿಟಾರು ಬಂದದ್ದೇ ಜಗಳ. ಎಲ್ಲಿಡುವುದು? ಅಪ್ಪ ದಮಾಮಿಯ ಪಕ್ಕ ಜಾಗ ಕೊಡಲಿಲ್ಲ. ಅವ್ವ ಕೌದಿಯ ಆಚೆಗೆ ಬರಬಾರದು ಅಂದಳು, ಅದೂ ಬಂದವರ ಲೆಕ್ಕವೇ. ಕೊನೆಗೆ ಬಾಗಿಲ ಹಿಂದೆ ಒಂದು ಮೊಳೆ ಹೊಡೆದೆ. ಬಾಗಿಲು ತೆಗೆದಾಗೆಲ್ಲ ಅದು ಗೋಡೆಗೆ ಬಡಿದು ನರಳುತ್ತಿತ್ತು. ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು, ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದ ಮೇಲೆ, ಹೊಸ್ತಿಲ ಮೇಲೆ ಕೂತು ಆ ನಾಲ್ಕು ಸ್ವರ ಹುಡುಕುತ್ತಿದ್ದೆ. ಇಳಿಯುವ ಮೂರು ಸಿಕ್ಕವು. ನಾಲ್ಕನೆಯದು ಸಿಗಲಿಲ್ಲ. ತಂತಿಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ ಸ್ವರ ಎತ್ತಬೇಕು ಅನ್ನುವುದು ನೋಡಿ ಗೊತ್ತಿತ್ತು, ನಾನು ಕೂತಲ್ಲಿಂದ ಮುಂದಿನ ಬೆರಳೊಂದೇ ಕಾಣುತ್ತಿತ್ತು. ಹೆಗಡೇರು ಅದಕ್ಕೆ ಬೆಂಡ್ ಅನ್ನುತ್ತಿದ್ದರು. ನಾನು ತಳ್ಳಿದರೆ ತಂತಿ ಅರ್ಧಕ್ಕೇ ನಿಂತು ಬೆರಳನ್ನು ಕೊಯ್ಯುತ್ತಿತ್ತು. ಟೈರು ಹಿಡಿದು ಗಟ್ಟಿಯಾದ ಬೆರಳು, ಅದರಿಂದಲೂ ರಕ್ತ ಬಂತು.

“ಎಮ್ಮೆ ಕಳ್ಕಂಡವ ಕರ್ದಂಗೆ ಇದ್ದು ಅದು” ಅಂತ ಅವ್ವ ಒಳಗಿಂದ ಬೈದಳು. ಸ್ವಲ್ಪ ಹೊತ್ತಿಗೆ ಕೌದಿ ಸರಿಸಿ ಹೊರಗೆ ಬಂದಳು. “ಮೊದಲಿನ ಮೂರು ಸರಿ ಕೇಳ್ತಾ ಇದ್ದು. ಮತ್ತೆ ಮತ್ತೆ ಅದನ್ನೆಂಥಕ್ಕೆ ಬಾರಿಸ್ತೆ? ತಪ್ಪಿದ್ದಲ್ಲಿಂದ ಬಿಚ್ಚು. ಅಷ್ಟನ್ನೇ ಹೊಲಿ.”

ಅವ್ವನಿಗೆ ಗಿಟಾರಿನ ಗಂಧಗಾಳಿ ಇರಲಿಲ್ಲ. ಆದರೆ ನನಗೆ ಯಾರಾದರೂ ತಪ್ಪು ಅಂದರಲ್ಲ ಅಂತ ಒಂದು ಸಮಾಧಾನ. ಮೂರನ್ನು ಬಿಟ್ಟೆ, ನಾಲ್ಕನೆಯದನ್ನೇ ಹಿಡಿದೆ. ಮಳೆಗಾಲ ಕಳೆಯಿತು. ಬೆರಳಿನ ಗಾಯ ಮಾಯುತ್ತಿತ್ತು, ಮತ್ತೆ ಒಡೆಯುತ್ತಿತ್ತು. ಸ್ವರ ಅರ್ಧಕ್ಕೇ ನಿಲ್ಲುತ್ತಿತ್ತು. ಅಪ್ಪ ದಿನವೆಲ್ಲ ನಾಟ ಹೊತ್ತು ಬಂದು ಗೋಡೆಗೆ ಬೆನ್ನು ಕೊಟ್ಟು ಕೂತವನು ಒಂದು ದಿನ ಕೇಳಿದ, “ಹೆಗಡೆ ಒಡೇರು ತಾನಾಗೇ ಬರ್ತದೆ ಅಂದ್ರಲ್ಲ ನಿಂಗೆ, ಮತ್ತೆ ಎಂತಕ್ಕೆ ಇಷ್ಟು ಒದ್ದಾಟ?” ನಾನು ಗಿಟಾರನ್ನು ಮೊಳೆಗೆ ಹಾಕಿದೆ.

ಶ್ರೀಪಾದನನ್ನು ಕೇಳುವುದು ನನಗೆ ಸಾವು. ಆದರೂ ಕೇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ಅವನು ತನ್ನೂರಿನ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕ ಹೋಗಿ ನಿಂತೆ.

“ಆ ಬೆಂಡು ನಿಂಗೆ ಪೂರ್ತಿ ಹೋಗ್ತದಲ್ಲ, ಹ್ಯಾಂಗೆ?”

ಅವನು ನನ್ನನ್ನು ಅನುಮಾನದಿಂದ ನೋಡಿದ. “ನೀ ನಂಗೆ ಕೇಳ್ತ್ಯಾ? ಸರ್ ದಿನಾ ನಿನ್ನ ನೋಡಿ ಕಲಿ ಅಂತ್ರು. ನಿಂಗೆ ಒಳಗಿಂದ ಬರ್ತು ಅಂತ್ರಲ, ಹ್ಯಾಂಗೆ ಬರ್ತು ಅಂತ ಹೇಳು, ನಾನು ಬೆಂಡು ಹೇಳ್ತೆ.”

“ಒಳಗಿಂದ ಏನೂ ಬರೂದಿಲ್ಲ ಮಾರಾಯ, ಬರೀ ರಕ್ತ ಬರ್ತದೆ” ಅಂತ ಬೆರಳು ತೋರಿಸಿದೆ.

ಅವನು ನಗಲಿಲ್ಲ. ನನ್ನ ಕೈಯನ್ನೇ ಗಿಟಾರಿನ ಹಿಡಿಕೆ ಮಾಡಿಕೊಂಡು ಮಣಿಕಟ್ಟಿನ ಮೇಲೆ ತನ್ನ ಉಂಗುರದ ಬೆರಳಿಟ್ಟ. ಅದರ ಹಿಂದೆ ನಡುಬೆರಳು, ಅದರ ಹಿಂದೆ ತೋರುಬೆರಳು. “ಒಂದು ಬೆರಳಿಂದ ಆಗ್ತಿಲ್ಲೆ. ಮೂರೂ ಸೇರಿ ತಳ್ಬೇಕು. ಹೆಬ್ಬೆರಳು ಮೇಲಿಂದ ಕೊಕ್ಕೆ ಹಾಕಿ ಹಿಡ್ಕಳ್ಬೇಕು. ಸರ್ ಮೊದಲನೇ ವಾರವೇ ಹೇಳಿದ್ರಲ ಇದು?” ಅಂದ.

ಬಸ್ಸು ಬಂತು, ಅವನು ಹತ್ತಿ ಹೋದ. ನಾನು ಅಲ್ಲೇ ನಿಂತಿದ್ದೆ. ಮೂರು ಬೆರಳು! ಒಂದು ಮಳೆಗಾಲವೆಲ್ಲ ನಾನು ಬೆರಳು ಕೊಯ್ದುಕೊಂಡದ್ದು ಇಷ್ಟಕ್ಕೆ. ಒಂದು ವಾಕ್ಯ. ಸಾಹೇಬರು ಮೊದಲ ದಿನವೇ ಹೇಳುವಂಥದ್ದು, ಅವ್ವ ಸೂಜಿ ಕೈಗೆ ಕೊಡುವಾಗಲೇ ಹೇಳುವಂಥದ್ದು. ಮನೆಗೆ ಹೋಗಿ ಬಾಗಿಲ ಹಿಂದಿನ ಮೊಳೆಯಿಂದ ಗಿಟಾರು ತೆಗೆದು ಮೂರು ಬೆರಳು ಸೇರಿಸಿ ತಳ್ಳಿದೆ. ಸ್ವರ ಎದ್ದಿತು. ಅವ್ವ ಒಳಗೆ ಕತ್ತರಿಸುತ್ತಿದ್ದ ಬಟ್ಟೆ ಬಿಟ್ಟು, “ಹಾಂ, ಎಮ್ಮೆ ಬಂತು” ಅಂದಳು. ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ಮುಂದೆ ಮೇಲಿನ ಸ್ವರವನ್ನು ಮುಟ್ಟುವ ಮೊದಲೇ ಬಿಡುವುದು, ಬಿಟ್ಟದ್ದು ತಪ್ಪಿದ ಹಾಗೆ ಕೇಳದಿರುವುದು, ಇದಕ್ಕೆ ಇನ್ನೊಂದು ಬೇಸಿಗೆ ಹಿಡಿಯಿತು. ಕಾಲಲ್ಲಿ ತಾಳ ಹಾಕಿ ಹಾಕಿ ಹೊಸ್ತಿಲ ಮುಂದಿನ ಸಗಣಿ ನೆಲ ಕಿತ್ತುಬಂತು. ಅವ್ವ ಬೈಯುತ್ತ ಸಾರಿಸುತ್ತಿದ್ದಳು, ನಾನು ಮತ್ತೆ ಕೀಳುತ್ತಿದ್ದೆ.

ಶ್ರೀಪಾದನ ಸೋದರಮಾವ ಸಿದ್ದಾಪುರದಲ್ಲಿ ಒಂದು ಫರ್ನಿಚರ್ ಅಂಗಡಿ ತೆರೆದರು. ಆರಂಭದ ದಿನ ಸಂಗೀತ ಬೇಕು ಅಂತ ಹೆಗಡೇರನ್ನು ಕರೆದರು. ಅವರು ನಮ್ಮಿಬ್ಬರನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದರು, ಆಂಪ್ಲಿಫೈಯರು ನನ್ನ ತೊಡೆಯ ಮೇಲೆ. ಪ್ಲಾಸ್ಟಿಕ್ ಸುತ್ತಿದ ಸೋಫಾಗಳ ನಡುವೆ ಒಂದು ಸಣ್ಣ ವೇದಿಕೆ. ಜನ ಸೋಫಾದ ಮೇಲೆ ಕೂತರೆ ಪ್ಲಾಸ್ಟಿಕ್ಕು ಚರಚರ ಅನ್ನುತ್ತಿತ್ತು. ಶ್ರೀಪಾದ ನುಡಿಸಿದ, ಅಂಜುತ್ತಾ, ಚೊಕ್ಕವಾಗಿ. ಹೆಗಡೇರು ಮೈಕಿನಲ್ಲಿ, “ತುಂಬಾ ಶ್ರಮಪಟ್ಟು ಕಲಿತ ಹುಡುಗ” ಅಂದರು. ಆಮೇಲೆ ಕೆಂಪು ಗಿಟಾರನ್ನು ನನ್ನ ಕೈಗೆ ಕೊಟ್ಟರು. ಅದನ್ನು ನಾನು ಮುಟ್ಟಿದ್ದು ಅದೇ ಮೊದಲು. ಅವರು ಹಿಂದೆ ಕೂತು ಶ್ರೀಪಾದನ ಗಿಟಾರಿನಲ್ಲಿ ತಾಳ ಹಿಡಿದರು. ನನ್ನ ಕಾಲು ತಾಳಕ್ಕೆ ಬಿತ್ತು, ಬಿದ್ದದ್ದು ಅಲುಗಲಿಲ್ಲ. ಮೂರು ಸ್ವರ ಇಳಿದವು. ನಾಲ್ಕನೆಯದು ಹಟ ಹಿಡಿದು ಎದ್ದು, ಇನ್ನೇನು ಮುಟ್ಟಬೇಕು ಅನ್ನುವಲ್ಲಿ ಕೈಬಿಟ್ಟಿತು. ಮಾಳಿಗೆಯ ಸಂದಿಯಿಂದ ಬಂದದ್ದೇ, ಹಾಗೆಯೇ. ಪ್ಲಾಸ್ಟಿಕ್ಕಿನ ಸದ್ದೂ ನಿಂತಿತು.

ಚಪ್ಪಾಳೆ ಮುಗಿಯುವ ಮೊದಲೇ ಹೆಗಡೇರು ಎದ್ದು ಮೈಕು ಹಿಡಿದರು. ಅವರ ಕಣ್ಣಲ್ಲಿ ನೀರಿತ್ತು.

“ನೋಡಿದ್ರಾ? ಇದನ್ನ ನಾ ಕಲಿಸಿದ್ದಲ್ಲ. ಒಂದು ಬೆರಳೂ ತೋರಿಸಿದ್ದಿಲ್ಲ. ಇದು ಕಲಿತು ಬರೂದೂ ಅಲ್ಲ. ರಕ್ತದಲ್ಲಿ ಬಂದದ್ದು!”

ಜನ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ನಾನು ಮೈಕಿನ ಹತ್ತಿರ ಬಗ್ಗಿ, “ಅಲ್ಲ ಸರ್. ಕಲಿತದ್ದು” ಅಂದೆ. ಎಲ್ಲರೂ ನಕ್ಕರು. ಅಂಗಡಿಯ ಯಜಮಾನರು, “ಎಷ್ಟು ವಿನಯ ನೋಡಿ ಹುಡುಗಂಗೆ!” ಅಂದರು. ಮತ್ತೆ ಚಪ್ಪಾಳೆ. ನಾನು ಮತ್ತೊಮ್ಮೆ ಹೇಳಿದ್ದರೆ ಮತ್ತೊಮ್ಮೆ ಹೊಡೆಯುತ್ತಿದ್ದರು.

ಬಸ್ಸಿನಲ್ಲಿ ವಾಪಸು ಬರುವಾಗ ಶ್ರೀಪಾದ ಕಿಟಕಿಗೆ ತಲೆ ಕೊಟ್ಟು ನಿದ್ದೆ ಮಾಡಿದ್ದ. ನಾನು ಕೇಳಿದೆ.

“ಸರ್, ಬೆಂಡಿಗೆ ಮೂರು ಬೆರಳು ಬೇಕು ಅಂತ ನಂಗೆ ಎಂತಕ್ಕೆ ಹೇಳ್ಲಿಲ್ಲ?”

“ನಿಂಗೆ ಗೊತ್ತಿರ್ಲಿಲ್ವಾ?” ಅವರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು.

“ಹ್ಯಾಂಗೆ ಗೊತ್ತಿರ್ತದೆ? ಶ್ರೀಪಾದ ಹೇಳಿದ. ಒಂದು ಮಳೆಗಾಲ ಬೆರಳು ಕೊಯ್ಕಂಡೆ ನಾನು. ನೀವು ಎದುರಿಗೇ ಕೂತಿದ್ರಿ.”

ಬಸ್ಸು ಒಂದು ತಿರುವಿನಲ್ಲಿ ವಾಲಿತು, ಆಂಪ್ಲಿಫೈಯರನ್ನು ಇಬ್ಬರೂ ಹಿಡಿದುಕೊಂಡೆವು.

“ಮುಂಬೈಲಿ ನಾ ಯಾರನ್ನ ನೋಡಿ ಕಲ್ತೆನೋ ಅವ ನನ್ನ ಕಂಡ್ರೆ ಬೆನ್ನು ತಿರುಗ್ಸಿ ನುಡಿಸ್ತಿದ್ದ” ಅಂದರು. “ಬೆರಳು ಕಾಣಬಾರ್ದು ಅಂತ. ಕಾಯಿ ತುರಿಯೋ ಭಟ್ಟಂಗೆ ಇದೆಲ್ಲ ಎಲ್ಲಿಂದ ಬರ್ತದೆ, ಹೋಗು ಅಂತಿದ್ದ. ನಂಗೆ ರಕ್ತದಲ್ಲಿ ಇರ್ಲಿಲ್ಲ, ಕದ್ದು ಕಲ್ತೆ. ನಿಂಗೆ ಇದ್ದು ಅಂತ ನಾ ಎಷ್ಟು ಸಂತೋಷ ಪಟ್ಟಿದ್ದೆ. ಈಗ ನಿಂಗೂ ಇಲ್ಲೆ ಅಂತ ಹೇಳ್ತ್ಯಾ?”

ಅವರ ದನಿಯಲ್ಲಿ ಸಿಟ್ಟಿತ್ತು. ನಾನು ಅವರದೇನೋ ಕಿತ್ತುಕೊಂಡ ಹಾಗೆ.

ಮನೆಗೆ ಬಂದು ಹಳೆ ಗಿಟಾರನ್ನು ಮೊಳೆಗೆ ಹಾಕಿದವನು ಮತ್ತೆ ತೆಗೆಯಲಿಲ್ಲ. ಅಪ್ಪನಿಗೆ ನಡೆದದ್ದನ್ನು ಹೇಳಿದೆ. ಅವನು ಬೈಯುತ್ತಾನೆ ಅಂದುಕೊಂಡಿದ್ದೆ, ದೊಡ್ಡವರು ಹೊಗಳಿದರೆ ಸುಮ್ಮನೆ ತಗೊಳ್ಳಬಾರದಾ ಅಂತ. ಅವನು ಬೆನ್ನಿಗೆ ಬಿಸಿನೀರಿನ ಬಟ್ಟೆ ಇಡಿಸಿಕೊಳ್ಳುತ್ತ, “ನಂಗೂ ಹಂಗೇ ಅಂತಾರೆ” ಅಂದ. “ದೊಡ್ಡ ನಾಟ ಬಂದ್ರೆ, ಸಿದ್ದೀನ ಕರೀರಿ, ಅವ್ರ ರಟ್ಟೆಯೇ ಬೇರೆ ಅಂತ. ರಟ್ಟೆ ಅವ್ರು ಹೇಳಿದ್ದೇ ಇರ್ಬೋದು. ಬೆನ್ನು ಮಾತ್ರ ನಂದು.” ಅವ್ವ ಬಟ್ಟೆ ಹಿಂಡುತ್ತಿದ್ದವಳು ನನ್ನ ಕಡೆ ನೋಡಲಿಲ್ಲ. “ಬಿಚ್ಚೂದು ಬೇರೆ, ಬಿಸಾಡೂದು ಬೇರೆ” ಅಂದಳು. “ಬೇಡ ಅಂತಾದ್ರೆ ಅವ್ರದ್ದು ಅವ್ರಿಗೆ ಒಯ್ದು ಕೊಡು. ಬಾಗಿಲ ಹಿಂದೆ ಹೆಣದಂಗೆ ತೂಗಬೇಡ.”

ಹಾಗೆ ಒಂದು ಮಧ್ಯಾಹ್ನ ಕರೆಂಟು ಹೋದಾಗ ಗಿಟಾರು ಹಿಡಿದು ಮೆಟ್ಟಿಲು ಹತ್ತಿದೆ. ಹೆಗಡೇರು ಒಬ್ಬರೇ ಇದ್ದರು. ನಾನು ಗಿಟಾರನ್ನು ಗೋಡೆಗೆ ಒರಗಿಸಿ, “ವಾಪಸು ತಂದೆ ಸರ್” ಅಂದೆ. ಅವರು ಕವಳ ಉಗಿದು ಬಂದು, ಟವೆಲಿನಿಂದ ಬಾಯಿ ಒರೆಸಿಕೊಂಡು, ನನ್ನ ಪಕ್ಕಕ್ಕೆ ಚಾಪೆ ಎಳೆದು ಕೂತರು. ಎದುರಿಗಲ್ಲ, ಶ್ರೀಪಾದನಿಗೆ ಕೂರುತ್ತಿದ್ದ ಹಾಗೆ ಪಕ್ಕಕ್ಕೆ.

“ಒಂದ್ಸಲ ನುಡಿಸು.”

ನುಡಿಸಿದೆ. ಅವರು ಈ ಸಲ ಕಣ್ಣು ಮುಚ್ಚಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು. ಅದರಲ್ಲಿ ತಪ್ಪಿರಲಿಲ್ಲ, ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆ ಲಿಕ್ಕನ್ನು ನಾನು ಹೊಲಿದು ಬಿಚ್ಚಿ ಹೊಲಿದು ಮುಗಿಸಿಯಾಗಿತ್ತು. ಆಹಾ ಅಂತ ಬಾಯಿಗೆ ಬಂದದ್ದನ್ನು ನುಂಗಿದರು ಅನ್ನಿಸಿತು. ಆಮೇಲೆ ಹೇಳಿದರು.

“ತಪ್ಪು.”

ನಾನು ತಲೆಯೆತ್ತಿದೆ.

“ಬೆರಳು ತಪ್ಪು. ಅಲ್ಲಿ ಉಂಗುರದ ಬೆರಳಲ್ಲ, ಕಿರುಬೆರಳು ಇಡೂದು. ತಡಿ, ತೋರಿಸ್ತೆ.” ನನ್ನ ಕಿರುಬೆರಳನ್ನು ಹಿಡಿದು ತಂತಿಯ ಮೇಲಿಟ್ಟರು. “ಉಳಿದ ಮೂರು ಹಿಂದಿಂದ ಒತ್ತು ಕೊಡ್ಲಿ. ಹಾಂ. ಈಗ ತಳ್ಳು.”

ಯಾರೂ ಅಲ್ಲಿ ಕಿರುಬೆರಳು ಇಡುವುದಿಲ್ಲ. ಅವರೇ ಎಂದೂ ಇಟ್ಟವರಲ್ಲ. ಶ್ರೀಪಾದನಿಗೆ ಉಂಗುರದ ಬೆರಳು ಹಿಡಿಸಿದವರೂ ಅವರೇ. ಆದರೂ ನಾನು ಕಿರುಬೆರಳಿನಿಂದ ತಳ್ಳಿದೆ. ತಂತಿ ಅರ್ಧಕ್ಕೇ ನಿಂತಿತು.

“ತಪ್ಪು. ಮತ್ತೆ.”

ತಳ್ಳಿದೆ.

“ಮತ್ತೆ.”

ಕೆಳಗೆ ಸಾಹೇಬರು ನನ್ನ ಹೆಸರು ಹಿಡಿದು ಕರೆಯುತ್ತಿದ್ದರು, ಕರೆಂಟು ಬಂದಿತ್ತು, ಮಷಿನ್ನು ಶುರುವಾಗಿತ್ತು. ಹೆಗಡೇರು ಬಿಡಲಿಲ್ಲ. ಸಂಜೆಯ ಹೊತ್ತಿಗೆ ಹೇಗೋ ಒಂದು ಸಲ ಸ್ವರ ಎದ್ದಿತು, ಸೊಟ್ಟಗೆ. “ಹಾಂ, ಈಗ ದಾರಿಗೆ ಬಂತು” ಅಂದರು. ಗಿಟಾರನ್ನು ನಾನು ಅಲ್ಲಿ ಬಿಟ್ಟು ಬರಲಿಲ್ಲ.

ಈಗ ರಿಸೋಲ್ ಅಂಗಡಿ ನನ್ನದೇ. ಸಂಜೆ ಹೊತ್ತು ಕೆಲವು ಮಕ್ಕಳು ಗಿಟಾರಿಗೆ ಬರುತ್ತಾರೆ. ಮೊಬೈಲಿನಲ್ಲಿ ಊರವರೆಲ್ಲರ ಬೆರಳುಗಳನ್ನೂ ನೋಡಿ ಬಂದಿರುತ್ತಾರೆ, ಆದ್ದರಿಂದ ಅವರಿಗೆ ಬೇಗ ಕಾಣುತ್ತದೆ. ಆ ನಾಲ್ಕು ಸ್ವರ ನುಡಿಸಿದಾಗ ಯಾವುದಾದರೂ ಮಗು ಕೇಳಿಯೇ ಕೇಳುತ್ತದೆ, ಸರ್, ಅಲ್ಲಿ ಉಂಗುರದ ಬೆರಳು ಅಲ್ಲವಾ, ನೀವು ಯಾಕೆ ಕಿರುಬೆರಳು ಇಡುತ್ತೀರಿ, ಕಷ್ಟ ಆಗುವುದಿಲ್ಲವಾ ಅಂತ. ಕಷ್ಟ ಆಗುತ್ತದೆ. ಚಳಿಗಾಲದಲ್ಲಿ ಗೆಣ್ಣು ನೋಯುತ್ತದೆ. ಮಕ್ಕಳಿಗೆ ನಾನು ಉಂಗುರದ ಬೆರಳನ್ನೇ ಹೇಳಿಕೊಡುತ್ತೇನೆ, ಅದೇ ಸರಿ. ನನ್ನದರ ಬಗ್ಗೆ ಕೇಳಿದರೆ ಒಂದೇ ಉತ್ತರ.

“ಇದು ನಂಗೆ ಹೆಗಡೇರು ಕಲಿಸಿದ್ದು.”